ಮಲಗಿದ್ದಲ್ಲೇ ವ್ಯಾಯಾಮ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೊಟ್ಟೆಯ ಆಪರೇಷನ್ ಆದವರಿಗೆ ಮನೆಯವರು ಹೇಳುವ ಮಾತು: ‘ಅಲ್ಲಾಡಬೇಡಿ, ಹೊಲಿಗೆ ಬಿಟ್ಟೀತು.’ ಅಪೆಂಡಿಕ್ಸ್ ತೆಗೆಸಿಕೊಂಡಾಗ ನಾನೂ ಕೊರಡಿನಂತೆ ಮಲಗಿದ್ದೆ. ರಕ್ತ ಪರಿಚಲನೆಯ ಪಾಠ ಮಾಡುವವನಿಗೆ ತನ್ನ ಕಾಲೇ ಮರೆತಿತ್ತು!

ಕಾಲಿನ ರಕ್ತ ಹೃದಯಕ್ಕೆ ಮರಳಲು ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಬೇಕು. ಅವು ಸುಮ್ಮನಿದ್ದರೆ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಾಪಾಯ.

ಆದ್ದರಿಂದ ವೈದ್ಯರು ಒಪ್ಪಿದೊಡನೆ, ಎಚ್ಚರವಿರುವಾಗ ಗಂಟೆಗೆ 10 ಬಾರಿ ಪಾದಗಳನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ. ದೀರ್ಘವಾಗಿ ಉಸಿರಾಡಿ. ಕೆಮ್ಮುವಾಗ ಗಾಯದ ಮೇಲೆ ದಿಂಬು ಒತ್ತಿಕೊಳ್ಳಿ. ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಿ. ಒಂದು ಕಾಲು ಊದಿ ನೋವಾದರೆ, ಎದೆ ನೋವು, ಉಬ್ಬಸ ಬಂದರೆ ತಕ್ಷಣ ವೈದ್ಯರಿಗೆ ತಿಳಿಸಿ.

ಮಕ್ಕಳೇ, ಗಡಿಯಾರ ನೋಡಿ ನೆನಪಿಸುವ ಕೆಲಸ ನಿಮ್ಮದು.