ಬೀಜ ಉಚಿತ, ಅಂಚೆ ಖರ್ಚು ಯಾರದು?

ನವಣೆ ಬೀಜ ಉಚಿತವಾಗಿ ಕೊಡ್ತೀನಿ ಅಂದ ಮೇಲೆ ಅಂಚೆ ಖರ್ಚು ಕೇಳೋದು ಸರಿಯಾ? ಸರಿ ಅಂತ ನನ್ನ ಅಭಿಪ್ರಾಯ. ಆದರೆ ತಗಲಿದಷ್ಟೇ ಕೇಳಬೇಕು.

ಲೆಕ್ಕ ನೋಡಿ. ಸಾದಾ ಅಂಚೆಗೆ 20 ಗ್ರಾಂ ತನಕ 5 ರೂಪಾಯಿ. ಕವರಿನ ತೂಕ ಕಳೆದರೆ 15 ಗ್ರಾಂ ನವಣೆ ಹಿಡಿಯುತ್ತದೆ. ಅಂದರೆ ನಾಲ್ಕೈದು ಸಾವಿರ ಕಾಳು. ಒಂದು ಮಡಿಗೆ ಬಿತ್ತಿ ಬೀಜ ಹೆಚ್ಚಿಸಿಕೊಳ್ಳಲು ಇಷ್ಟು ಸಾಕು. ಪಡೆಯುವವರಿಗೆ 5 ರೂಪಾಯಿ ಭಾರವಲ್ಲ. ನೂರು ಜನಕ್ಕೆ ಕಳಿಸುವ ನನಗೆ ಅದು 500. ಮಳೆ ಕೈಕೊಟ್ಟ ವರ್ಷ ಖುಷ್ಕಿ ರೈತ ಮೊದಲು ನಿಲ್ಲಿಸೋದು ಇಂಥ ಖರ್ಚನ್ನೇ. ಆಗ ಬೀಜ ಕೊಡೋದೂ ನಿಂತುಹೋಗುತ್ತದೆ.

ಅದಕ್ಕೇ ನಾನು ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಕವರು ಕೇಳುತ್ತೇನೆ. ನನ್ನ ಕೈಗೆ ದುಡ್ಡೇ ಬರೋದಿಲ್ಲ, ಅನುಮಾನಕ್ಕೆ ಎಡೆಯಿಲ್ಲ. ಅವರೆ, ಅಲಸಂದೆ ತೂಕದ ಕಾಳು; ಹೆಚ್ಚುವ ಪ್ರತಿ 20 ಗ್ರಾಮಿಗೆ ಇನ್ನೊಂದು 5 ರೂಪಾಯಿ ಸ್ಟಾಂಪು ಬೇಕು.

ಖರ್ಚು ಎಷ್ಟೆಂದು ಮೊದಲೇ ಹೇಳಬೇಕು. 5 ರೂಪಾಯಿ ಅಂಚೆಗೆ 50 ಕೇಳಿದರೆ ಅದು ಉಚಿತವಲ್ಲ, ಮಾರಾಟ. ಮಾರೋದು ತಪ್ಪಲ್ಲ, ಬೆಲೆ ಅಂತಲೇ ಬರೆಯಲಿ. ‘ಬಹುಮಾನ ಬಂದಿದೆ, ಸಾಗಣೆ ಹಣ ಮೊದಲು ಕಳಿಸಿ’ ಅನ್ನೋರಿಗಂತೂ ಬಿಡಿಗಾಸೂ ಕಳಿಸಬೇಡಿ.