ಹಳೆಯ ಜೀಪಿನ ಅಂಗಿ ಬಿಚ್ಚುವಾಗ

ಶಹಾಪುರ, ಸುರಪುರದ ಮೇಲೆ ಹಾಯುವ ಹೆದ್ದಾರಿಯಲ್ಲಿ ಒಮ್ಮೊಮ್ಮೆ ವಿಚಿತ್ರ ವಾಹನವೊಂದು ಕಣ್ಣಿಗೆ ಬೀಳುವುದುಂಟು. ಬಾಗಿಲಿಲ್ಲ, ಗಾಜಿಲ್ಲ, ಚಾವಣಿಯೂ ಇಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಎಂಜಿನ್, ಗಾಲಿಗಳು, ಒಂದು ಆಸನ, ಅದರ ಮೇಲೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಚಾಲಕ! ಅದು ಬಾಡಿ ಕಟ್ಟುವ ಶೆಡ್ಡಿಗೆ ಹೊರಟ ಲಾರಿಯ ಚಾಸಿ. ವಾಹನದ ಎಲುಬು ಬೇರೆ, ಅಂಗಿ ಬೇರೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈ ಸೀಮೆಗೆ ಇಂಥ ವಾಹನಗಳು ಹೊಸವಲ್ಲ. ಯಾದಗಿರಿ ನಿಜಾಮರ ಆಡಳಿತದಲ್ಲಿದ್ದಾಗ, 1932ರಲ್ಲಿ, ಆ ಸಂಸ್ಥಾನದ ರೈಲ್ವೆ ಇಲಾಖೆ 27 ಬಸ್ಸುಗಳೊಡನೆ ರಸ್ತೆ ಸಾರಿಗೆ ಆರಂಭಿಸಿತು. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಇಂದಿಗೂ ಕಾಪಾಡಿಕೊಂಡು ಬರಲಾಗಿದೆ. ಬಳಿಕ ಬಂದದ್ದು ಜೀಪು. ಮಹೀಂದ್ರಾ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಸರಕಾರಿ ಕಚೇರಿಯಿಂದ ಹಿಡಿದು ಹೊಲದ ದಾರಿಯವರೆಗೆ ಜೀಪು ಹೋಗದ ಜಾಗವಿರಲಿಲ್ಲ. ಅಂಥ ಹಳೆಯ ಜೀಪಿಗೆ ಮರುಜೀವ ಕೊಡಬೇಕೆಂದರೆ ಮೊದಲು ಬಾಡಿಯನ್ನು ಚಾಸಿಯಿಂದ ಕಳಚಬೇಕು.

ಎಲ್ಲ ವಾಹನಕ್ಕೂ ಈ ಮಾತು ಸಲ್ಲದು. ಜೀಪಿನ ಚಾಸಿ ಏಣಿಯಂತಿದೆ: ಉದ್ದಕ್ಕೆ ಎರಡು ತೊಲೆ, ನಡುವೆ ಅಡ್ಡಪಟ್ಟಿಗಳು. ಬಾಡಿ ಅದರ ಮೇಲೆ ಬೋಲ್ಟುಗಳಿಂದ ಕೂತಿರುತ್ತದೆ. ಆದರೆ ಅಂಬಾಸಿಡರ್ ಕಾರಿಗೆ ಹೀಗೆ ಕಳಚಿಡಬಲ್ಲ ಪ್ರತ್ಯೇಕ ಚಾಸಿ ಇಲ್ಲ. ಮೊಟ್ಟೆಗೆ ಚಿಪ್ಪೇ ಬಲವಾದಂತೆ, ಅಲ್ಲಿ ಬಾಡಿಯೇ ಭಾರ ಹೊರುತ್ತದೆ.

ಎರೆಮಣ್ಣಿನ ಗುಟ್ಟು

ಹೊರಗೆ ಬಣ್ಣ ಹೊಳೆಯುತ್ತಿದ್ದರೂ ರೋಗ ಒಳಗಿರುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿನ ಆಮ್ಲಜನಕವೂ ಬೇಕು. ಮಂಗಳೂರಿನ ಉಪ್ಪುಗಾಳಿಗೆ ಹೋಲಿಸಿದರೆ ಯಾದಗಿರಿಯ ಒಣ ಹವೆ ಕಬ್ಬಿಣಕ್ಕೆ ಹಿತ. ಆದರೆ ಮಳೆಗಾಲದಲ್ಲಿ ಮೆತ್ತಿಕೊಳ್ಳುವ ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಬಾಡಿ ಮತ್ತು ಚಾಸಿಯ ನಡುವಿನ ಸಂದಿನಲ್ಲಿ ಅದು ಸೇರಿಕೊಂಡರೆ ಒದ್ದೆಬಟ್ಟೆ ಸುತ್ತಿಟ್ಟಂತೆಯೇ ಸರಿ. ಕಳಚದೆ ಬಣ್ಣ ಬಳಿದರೆ ಹುಣ್ಣಿನ ಮೇಲೆ ಪೌಡರ್ ಹಚ್ಚಿದಂತೆ.

ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಬ್ಯಾಟರಿ ಬಿಚ್ಚಬೇಕು. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಆಸನದ ಕೆಳಗೆ. ಅದನ್ನು ಹೊರತೆಗೆದು ದೂರವಿಡದೆ ಗ್ಯಾಸ್ ಕಟರ್ ಹಚ್ಚಿದರೆ ಪ್ರಾಣಕ್ಕೇ ಅಪಾಯ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಗೂ ಒಂದು ಕಿಡಿ ಸಾಕು. ಬಳಿಕ ವೈರು, ಸ್ಟೇರಿಂಗ್, ಪೆಡಲುಗಳ ಸಂಪರ್ಕ ಒಂದೊಂದಾಗಿ ಬಿಡಿಸಬೇಕು. ಪ್ರತಿ ವೈರಿಗೂ ಚೀಟಿ, ಪ್ರತಿ ಬೋಲ್ಟಿಗೂ ಹೆಸರು ಬರೆದ ಡಬ್ಬಿ, ಪ್ರತಿ ಹಂತಕ್ಕೂ ಒಂದು ಫೋಟೊ ಇರಬೇಕು.

ತುಕ್ಕು ಹಿಡಿದ ನಟ್ಟು ಸುಲಭವಾಗಿ ತಿರುಗದು. ಕಬ್ಬಿಣ ತುಕ್ಕಾದಾಗ ಹೆಚ್ಚು ಜಾಗ ಆಕ್ರಮಿಸುತ್ತದೆ, ಆದ್ದರಿಂದ ನಟ್ಟು ಬಿಗಿದುಕೊಳ್ಳುತ್ತದೆ. ಕಾಯಿಸಿದರೆ ಸಡಿಲವಾಗುವುದೇಕೆ? ಚಕ್ಕಡಿಯ ಗಾಲಿಗೆ ಕಮ್ಮಾರ ಕಬ್ಬಿಣದ ಪಟ್ಟಾ ಕಾಯಿಸಿ ಹಾಕುವುದನ್ನು ಹಿರಿಯರು ಕಂಡಿದ್ದಾರೆ. ಇಲ್ಲಿಯೂ ಅದೇ ತತ್ವ. 10 ಮಿಲಿಮೀಟರ್ ತೂತಿನ ಉಕ್ಕಿನ ನಟ್ಟನ್ನು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯಿಸಿದರೆ ತೂತು ಹಿಗ್ಗುವುದು ಸುಮಾರು 0.036 ಮಿಲಿಮೀಟರ್ ಮಾತ್ರ. ತುಕ್ಕಿನ ಹಿಡಿತ ಬಿಡಲು ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಎತ್ತುವ ಮುನ್ನ ಬಾಗಿಲ ಜಾಗದಲ್ಲಿ ಅಡ್ಡ ಪಟ್ಟಿ ಬಿಗಿಯಬೇಕು. ಇಲ್ಲವಾದರೆ ಅಲ್ಲಿಯೇ ಬಾಡಿ ಬಾಗಿ, ಮತ್ತೆ ಕೂರಿಸುವಾಗ ತೂತುಗಳು ಹೊಂದುವುದಿಲ್ಲ. ಬಾನೆಟ್, ಗಾಜು, ಆಸನ ತೆಗೆದ ಜೀಪಿನ ಬಾಡಿಯನ್ನು ಆರೆಂಟು ಜನ ಸೇರಿ ಎತ್ತಬಹುದು. ಆದರೆ ನಾಲ್ಕೂ ಮೂಲೆ ಸಮನಾಗಿ ಏಳಬೇಕು.

ಮೂಲೆಯಿಂದ ಮೂಲೆಗೆ

ಬಾಡಿ ಇಳಿದ ಮೇಲೆ ಚಾಸಿಯ ಪರೀಕ್ಷೆ. ಮನೆಯ ಪಾಯ ಹಾಕುವ ಗೌಂಡಿ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತಾನಲ್ಲ, ಇದೂ ಹಾಗೆಯೇ. ಚಾಸಿಯ ಎಡ-ಬಲದಲ್ಲಿ ಸರಿಜೋಡಿಯಾದ ನಾಲ್ಕು ತೂತುಗಳನ್ನು ಆರಿಸಿ ಎರಡೂ ಕರ್ಣಗಳನ್ನು ಅಳೆಯಬೇಕು. ಅಳತೆ ಒಂದೇ ಬಂದರೆ ಚಾಸಿ ಪಕ್ಕಕ್ಕೆ ಓರೆಯಾಗಿಲ್ಲ. ಎಂಟನೆಯ ತರಗತಿಯ ರೇಖಾಗಣಿತ ಗ್ಯಾರೇಜಿನಲ್ಲಿ ಉಪಯೋಗಕ್ಕೆ ಬರುವುದು ಹೀಗೆ.

ಅವಸರ ಮಾಡಿ ಕತ್ತರಿಸಿ ಬದಲಿಸಿದರೆ ಇನ್ನೊಂದು ನಷ್ಟವಿದೆ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು, ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು. ಆಗ ಮಾತ್ರ ‘ವಿಎ’ ಅಕ್ಷರಗಳಿರುವ ನಂಬರು ದೊರೆಯುತ್ತದೆ. ಚಾಸಿಯ ಮೇಲೆ ಅಚ್ಚೊತ್ತಿದ ಸಂಖ್ಯೆಯೇ ವಾಹನದ ಗುರುತು. ತುಕ್ಕು ಉಜ್ಜುವ ಭರದಲ್ಲಿ ಅದನ್ನೂ ಉಜ್ಜಿ ಹಾಕಿದರೆ ದಾಖಲೆಪತ್ರ ಇದ್ದೂ ಇಲ್ಲದಂತಾಗುತ್ತದೆ.

ಕೈ ಮಸಿಯಾಗುವ ಕೆಲಸವೆಂದು ಪಾಲಕರು ಮೂಗು ಮುರಿಯಬೇಕಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ 2 ವರ್ಷದ್ದು. ಸ್ಪಾನರ್ ಹಿಡಿಯುವುದನ್ನು ಯಾರೂ ಬೇಗ ಕಲಿಯಬಹುದು. ಬಿಚ್ಚಿದ್ದನ್ನು ಬರೆದಿಡುವ, ಅಳೆದು ನೋಡುವ ಅಭ್ಯಾಸವನ್ನು ಮಾತ್ರ ಶಾಲೆಯ ಪ್ರಯೋಗ ಪುಸ್ತಕದಿಂದಲೇ ರೂಢಿಸಿಕೊಳ್ಳಬೇಕು.