ಕನ್ನಡದ ವಿಳಾಸ ಜಾಲದಲ್ಲಿ ಸಾಗುವ ಬಗೆ

ಹೊಸಪೇಟೆಯ ಬಸ್ಸು ನಿಲ್ದಾಣದಲ್ಲಿ ಅರೆಗಳಿಗೆ ನಿಂತವರಿಗೆ ಹಂಪಿ, ಸಂಡೂರು, ಕಂಪ್ಲಿ ಎಂಬ ಫಲಕಗಳು ಒಂದರ ಹಿಂದೊಂದು ಕಣ್ಣಿಗೆ ಬೀಳುವುವು. ಕನ್ನಡ ಬಲ್ಲ ಪ್ರಯಾಣಿಕನು ತನ್ನ ಬಸ್ಸು ಯಾವುದೆಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ಆದರೆ ಅದೇ ಪ್ರಯಾಣಿಕನು ಕೈಯಲ್ಲಿರುವ ಫೋನಿನಲ್ಲಿ ಅದೇ ಊರಿನ ಸಂಸ್ಥೆಯೊಂದರ ಜಾಲತಾಣವನ್ನು ತೆರೆಯಹೊರಟರೆ ಬಹುಮಟ್ಟಿಗೆ ರೋಮನ್ ಲಿಪಿಯ ಮೊರೆಹೊಗಬೇಕಾಗುವುದು. ಮನೆಯೊಳಗಿನ ಮಾತೆಲ್ಲ ಕನ್ನಡ. ಬಾಗಿಲ ಮೇಲಿನ ಹೆಸರು ಮಾತ್ರ ಬೇರೆಯ ಲಿಪಿ!

ಇದು ಬರಿಯ ಅಭಿಮಾನದ ಮಾತಲ್ಲ. ಸಂಡೂರಿನ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಅದರ ನಡುವಿನ ಅಕ್ಷರ ಡಕಾರವೋ ದಕಾರವೋ ತಿಳಿಯದು. ಊಕಾರದ ದೀರ್ಘವನ್ನು ಒಬ್ಬರು ಒಂದು ಬಗೆಯಾಗಿ ಬರೆದರೆ ಮತ್ತೊಬ್ಬರು ಇನ್ನೊಂದು ಬಗೆಯಾಗಿ ಬರೆಯುವರು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿದಾಗ 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಬಂದಿತು. ಬದಲಾದದ್ದು ರೋಮನ್ ಕಾಗುಣಿತ. ಕನ್ನಡದಲ್ಲಿ ಬದಲಾಗಬೇಕಾದದ್ದೇನೂ ಇರಲಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯುಂಟು. ಆ ಕಸೂತಿಯನ್ನು ಹೊಲಿಯುವ ಹೆಣ್ಣುಮಗಳೊಬ್ಬಳು ತನ್ನ ಸರಕಿನ ವಿಳಾಸವನ್ನು ತಾನೇ ಓದಿ ತಾನೇ ಬರೆದುಕೊಡುವಂತಾಗಬೇಕಾದರೆ, ಅದು ಅವಳು ಶಾಲೆಯಲ್ಲಿ ಕಲಿತ ಲಿಪಿಯಲ್ಲಿರಬೇಡವೆ?

ಕನ್ನಡದಲ್ಲಿ ಹೀಗೆ ವಿಳಾಸ ಬರೆಯುವುದು ಇಂದು ಸಾಧ್ಯವಾಗಿದೆ. ಇದಕ್ಕಾಗಿ ಯಾರೂ ಹೊಸ ಜಾಲವನ್ನು ಹೆಣೆಯಲಿಲ್ಲ. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಕೆಲವು ಸಣ್ಣ ಕ್ರಮವಿಧಿಗಳೇ ಈ ಕೆಲಸವನ್ನು ಸಾಧಿಸಿವೆ. ಅದು ಹೇಗೆಂಬುದನ್ನು ನೋಡೋಣ.

ಮೂವತ್ತೇಳು ಚಿಹ್ನೆಗಳ ಕಟ್ಟಳೆ

ಅಂತರಜಾಲದಲ್ಲಿ ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ಅಂಕಿಗಳಿಗಿಂತ ಹೆಸರುಗಳೇ ಸುಲಭವಷ್ಟೆ. ಆದಕಾರಣ 1983ರಲ್ಲಿ ಅಮೆರಿಕೆಯ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು ಹೆಸರನ್ನು ಕೊಟ್ಟರೆ ಅಂಕಿಯನ್ನು ತಿಳಿಸುವ ಏರ್ಪಾಡೊಂದನ್ನು ರಚಿಸಿದನು. ಇದೇ ಡೊಮೇನ್ ಹೆಸರುಗಳ ವ್ಯವಸ್ಥೆ. ಇದರಲ್ಲಿ ಹೆಸರಿಗೆ ಬಳಸುವ ಚಿಹ್ನೆಗಳು 26 ರೋಮನ್ ಅಕ್ಷರಗಳು, 10 ಅಂಕಿಗಳು, ಒಂದು ಅಡ್ಡಗೆರೆ: ಒಟ್ಟು 37. ಎರಡು ಚುಕ್ಕೆಗಳ ನಡುವಿನ ತುಂಡು 63 ಚಿಹ್ನೆಗಳನ್ನು ಮೀರಕೂಡದು.

ಜಗತ್ತಿನ ಅಸಂಖ್ಯ ಯಂತ್ರಗಳು ಈ ಕಟ್ಟಳೆಯನ್ನೇ ನೆಚ್ಚಿ ನಡೆಯುತ್ತಿರುವಾಗ ಅವೆಲ್ಲವನ್ನೂ ಒಂದೇ ದಿನ ಬದಲಿಸುವುದು ಆಗದ ಮಾತು. ಆದ್ದರಿಂದ ತಜ್ಞರು ಒಂದು ಉಪಾಯ ಹೂಡಿದರು. ಜಾಲವು ಇದ್ದಂತೆಯೇ ಇರಲಿ. ಕನ್ನಡದ ಹೆಸರನ್ನು ಓದುಗನ ಯಂತ್ರದಲ್ಲಿಯೇ ಆ 37 ಚಿಹ್ನೆಗಳ ಸಾಲಾಗಿ ಮಾರ್ಪಡಿಸಿ ಕಳುಹಿಸೋಣ ಎಂದರು. ಮಾರ್ಪಾಟಿನ ಈ ವಿಧಾನಕ್ಕೆ 'ಪ್ಯೂನಿಕೋಡ್' ಎಂದು ಹೆಸರು. ಆಡಮ್ ಕಾಸ್ಟೆಲೊ ಎಂಬವನು ರೂಪಿಸಿದ ಇದು 2003ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು.

ಹಂಪಿ ಎಂಬ ಹೆಸರಿನ ಗಣಿತ

ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಲಿಪಿಯ ಪ್ರತಿಯೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯುಂಟು. ಕನ್ನಡಕ್ಕೆ ಮೀಸಲಾದ ಮನೆಗಳು 3200ರಿಂದ 3327ರವರೆಗೆ. 'ಹಂಪಿ' ಎಂಬ ಮಾತಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು ಎರಡೋ ಮೂರೋ ಅಕ್ಷರ. ಯಂತ್ರಕ್ಕಾದರೋ ನಾಲ್ಕು ಚಿಹ್ನೆಗಳು. ಹಕಾರ 3257, ಸೊನ್ನೆ 3202, ಪಕಾರ 3242, ಗುಡಿಸು 3263.

ಪ್ಯೂನಿಕೋಡ್ ಇವನ್ನು ಬರೆದ ಕ್ರಮದಲ್ಲಿ ಎತ್ತಿಕೊಳ್ಳುವುದಿಲ್ಲ. ಸಂಖ್ಯೆಗಳ ಏರಿಕೆಯ ಕ್ರಮದಲ್ಲಿ ಎತ್ತಿಕೊಳ್ಳುವುದು. ಮೊದಲು ಸೊನ್ನೆಯೊಂದನ್ನೇ ಇಡುವುದು. ಬಳಿಕ ಅದರ ಬಲಕ್ಕೆ ಪಕಾರ. ಅನಂತರ ಎಲ್ಲಕ್ಕೂ ಮುಂದೆ ಹಕಾರ. ಆಗ 'ಹಂಪ' ಆಯಿತು. ಕೊನೆಗೆ ಗುಡಿಸನ್ನು ಹಚ್ಚಿದರೆ 'ಹಂಪಿ'. ಒಂದೊಂದು ಹೆಜ್ಜೆಯಲ್ಲಿಯೂ ಹೇಳಬೇಕಾದುದು ಎರಡೇ ಸಂಗತಿ: ಮುಂದಿನ ಚಿಹ್ನೆ ಎಷ್ಟು ಮನೆ ಆಚೆಗಿದೆ, ಅದನ್ನು ಎಷ್ಟನೆಯ ಸ್ಥಾನದಲ್ಲಿ ಸೇರಿಸಬೇಕು. ಈ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಅಡಗಿಸಿ, ಆ ಸಂಖ್ಯೆಯನ್ನು ಅಕ್ಷರ ಮತ್ತು ಅಂಕಿಗಳಲ್ಲಿ ಬರೆಯುವರು.

ಹಾಗೆ ಬರೆದಾಗ ದೊರೆಯುವ ಸಾಲು (ರೋಮನ್ ಅಕ್ಷರಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ) ಹೀಗಿರುವುದು:

ಎಕ್ಸ್ ಎನ್ - - 3 ಆರ್ ಸಿ 4 ಎಫ್ ವಿ ಬಿ 0 ಎ

ಮೊದಲಿನ 'ಎಕ್ಸ್ ಎನ್' ಮತ್ತು ಎರಡು ಗೆರೆಗಳು 'ಇದು ಮಾರ್ಪಡಿಸಿದ ಹೆಸರು' ಎಂಬುದರ ಗುರುತು. ಉಳಿದ ಒಂಬತ್ತರಲ್ಲಿ ಸೊನ್ನೆಗೆ ಮೂರು, ಮಿಕ್ಕ ಮೂರಕ್ಕೆ ಎರಡೆರಡು. ಮೊದಲನೆಯದಕ್ಕೇಕೆ ಹೆಚ್ಚು? ರೋಮನ್ ನೆಲೆಯಿಂದ ಕನ್ನಡದ ಕೇರಿಗೆ ದೂರದ ನೆಗೆತ. ಒಮ್ಮೆ ಕೇರಿಯನ್ನು ಸೇರಿದ ಮೇಲೆ ಮನೆಯಿಂದ ಮನೆಗೆ ನಾಲ್ಕು ಹೆಜ್ಜೆ. ಒಂದೇ ಲಿಪಿಯ ಹೆಸರುಗಳು ಹೀಗೆ ಅಡಕವಾಗಿ ನಿಲ್ಲುವುದೇ ಈ ವಿಧಾನದ ಚಮತ್ಕಾರ. 'ಹಂಪೆ' ಎಂದು ಬರೆದರೆ ಕೊನೆಯ '0 ಎ' ಹೋಗಿ 'ವೈ ಸಿ' ಬರುವುದು, ಉಳಿದುದೆಲ್ಲ ಅದೇ. ವಿಳಾಸದ ತುದಿಯಲ್ಲಿ ಬರುವ 'ಭಾರತ' ಎಂಬ ಮಾತು, ಗುರುತನ್ನು ಬಿಟ್ಟರೆ, '2 ಎಸ್ ಸಿ ಆರ್ ಜೆ 9 ಸಿ' ಎಂಬ ಏಳು ಚಿಹ್ನೆಗಳಲ್ಲಿ ಮುಗಿಯುವುದು.

ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು

ಹೊಸಪೇಟೆಯ ಹೆಸರಿನಲ್ಲಿ ಒಂದು ತೊಡಕುಂಟು. 'ಹೊ' ಎಂಬಲ್ಲಿಯ ಒತ್ವವನ್ನು 3274 ಎಂಬ ಒಂದೇ ಚಿಹ್ನೆಯಾಗಿ ಬರೆಯಬಹುದು. ಇಲ್ಲವೆ, ನಮ್ಮ ಹಿರಿಯರು ಕಾಗುಣಿತ ತಿದ್ದಿಸುವಾಗ ಕೈಹಿಡಿದು ತೋರಿಸಿದಂತೆ, ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. 'ಪೇ' ಎಂಬಲ್ಲಿಯ ಏತ್ವವೂ ಹಾಗೆಯೇ: ಒಂದೇ ಚಿಹ್ನೆ, ಅಥವಾ ಎತ್ವದೊಡನೆ ದೀರ್ಘದ ಗುರುತು. ಮೊದಲ ಬಗೆಯಲ್ಲಿ ಹೊಸಪೇಟೆಗೆ ಏಳು ಚಿಹ್ನೆಗಳು. ಎರಡನೆಯ ಬಗೆಯಲ್ಲಿ ಒಂಬತ್ತು. ಪರದೆಯ ಮೇಲೆ ಎರಡೂ ಒಂದೇ ಹೊಸಪೇಟೆ. ಆದರೆ ಹಾಗೆಯೇ ಮಾರ್ಪಡಿಸಿದರೆ ಯಂತ್ರದ ಪಾಲಿಗೆ ಅವು ಎರಡು ಬೇರೆಬೇರೆ ಊರುಗಳಾಗಿಬಿಡುವುವು! ಆದ್ದರಿಂದ ಮಾರ್ಪಾಟಿಗೆ ಮುಂಚೆ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ಕಟ್ಟಿಗೆ ತರುವ 'ಸಾಮಾನ್ಯೀಕರಣ' ನಡೆಯಲೇಬೇಕು.

ಬಳ್ಳಾರಿಯ ಸೀಮೆಗೆ ಇನ್ನೊಂದು ವಿಶೇಷವಿದೆ. ಇಲ್ಲಿ ಕನ್ನಡ ತೆಲುಗುಗಳೆರಡೂ ಬೀದಿಯ ಮಾತುಗಳು. ಅವುಗಳ ಲಿಪಿಗಳು ಅಕ್ಕತಂಗಿಯರು. ಸೊನ್ನೆ, ಒ, ಜ, ರ, ಲ ಮೊದಲಾದವನ್ನು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿ ಬರೆಯುವರು. ಆದರೆ ಕನ್ನಡದ ಸೊನ್ನೆಯ ಸಂಖ್ಯೆ 3202, ತೆಲುಗಿನ ಸೊನ್ನೆಯದು 3074. ನಡುವೆ ಸರಿಯಾಗಿ 128ರ ಅಂತರ. ಕಪಟಿಯೊಬ್ಬನು ಕನ್ನಡದ ಹೆಸರಿನ ನಡುವೆ ತೆಲುಗಿನ ಒಂದು ಅಕ್ಷರವನ್ನು ನುಸುಳಿಸಿದರೆ ಗ್ರಾಹಕನ ಕಣ್ಣು ಮೋಸಹೋಗುವುದು ಸುಲಭ. ಇದನ್ನು ತಡೆಯಲೆಂದೇ, ವಿಳಾಸದ ತುದಿಯಲ್ಲಿ ಬರುವ ಹೆಸರುಗಳಿಗಾಗಿ 2019ರಲ್ಲಿ ಕನ್ನಡ ಲಿಪಿಯ ನಿಯಮಾವಳಿಯೊಂದು ಜಾರಿಗೆ ಬಂದಿತು. ಲಿಪಿಗಳನ್ನು ಬೆರಸಕೂಡದು, ಒಂದು ಲಿಪಿಯ ಹೆಸರು ಒಬ್ಬರಿಗೆ ಸಂದ ಮೇಲೆ, ಅದನ್ನೇ ಹೋಲುವ ಇನ್ನೊಂದು ಲಿಪಿಯ ಹೆಸರನ್ನು ಬೇರೊಬ್ಬರಿಗೆ ಕೊಡಕೂಡದು ಎಂಬುದು ಅದರ ಸಾರ.

ಇಷ್ಟೆಲ್ಲ ಸೂಕ್ಷ್ಮಗಳನ್ನು ಪ್ರತಿಯೊಬ್ಬ ಕ್ರಮವಿಧಿಕಾರನೂ ಮೊದಲಿನಿಂದ ಬರೆಯುತ್ತ ಕೂತರೆ ತಪ್ಪುಗಳಿಗೆ ಲೆಕ್ಕವಿರದು. ಒಮ್ಮೆ ಎಚ್ಚರದಿಂದ ಬರೆದು, ಎಲ್ಲರೂ ಎರವಲು ಪಡೆಯುವಂತೆ ಇಟ್ಟ ಕ್ರಮವಿಧಿಗಳ ಭಂಡಾರವನ್ನು 'ಲೈಬ್ರರಿ' ಎನ್ನುವರು. ಸ್ವೀಡನ್ ದೇಶದ ಸೈಮನ್ ಜೋಸೆಫ್‌ಸನ್ ಆರಂಭಿಸಿದ 'ಲಿಬ್‌ಐಡಿಎನ್' ಅಂತಹುದು. ಅದು 2003ರ ನಿಯಮಗಳನ್ನು ಪಾಲಿಸುವುದು. 2010ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳಿಗಾಗಿ 'ಲಿಬ್‌ಐಡಿಎನ್2' ಬಂದಿತು. ಪರಿಷ್ಕಾರದಿಂದ ಕನ್ನಡಕ್ಕೆ ಲಾಭವೂ ಆಯಿತು. 'ರಾಜ್‌ಕುಮಾರ' ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆಯುಂಟು. ಹಳೆಯ ನಿಯಮ ಅದನ್ನು ಅಳಿಸಿಬಿಡುತ್ತಿತ್ತು; ಹೊಸ ನಿಯಮವು ಅರ್ಧಾಕ್ಷರದ ಬಳಿಕ ಅದಕ್ಕೆ ಎಡೆಕೊಟ್ಟಿತು.

ನೀರುಗಂಟಿಯ ಪಾಠ

ಹೆಸರಿನ ಮಾರ್ಪಾಟು ಮುಗಿಯಿತು. ಇನ್ನು ಅದರ ಅಂಕಿಯನ್ನು ಕೇಳಿ ತಿಳಿಯಬೇಕು. ಪ್ರಶ್ನೆಯು ಜಾಲದ ಮೂಲದ ಸರ್ವರಿಗೆ, ಅಲ್ಲಿಂದ 'ಭಾರತ'ದ ಸರ್ವರಿಗೆ, ಅಲ್ಲಿಂದ ಆ ಹೆಸರಿನ ಒಡೆಯನ ಸರ್ವರಿಗೆ ಹೋಗಿ ಬರಬೇಕಾಗಬಹುದು. ಇದಕ್ಕೆ ಸೆಕೆಂಡಿನ 20ನೆಯ ಒಂದು ಭಾಗ ಹಿಡಿಯಿತೆನ್ನೋಣ. ನಮಗದು ಕಣ್ಣು ಮಿಟುಕಿಸಿದಷ್ಟೂ ಅಲ್ಲ. ಆದರೆ ಸೆಕೆಂಡಿಗೆ 300 ಕೋಟಿ ಬಡಿತಗಳ ಗಣಕಕ್ಕೆ ಅದು 15 ಕೋಟಿ ಬಡಿತಗಳ ವ್ಯರ್ಥ ಕಾಯುವಿಕೆ. ನಮ್ಮ ನಾಲ್ಕು ಊರುಗಳ ಹೆಸರುಗಳನ್ನು ಒಂದಾದ ಮೇಲೊಂದರಂತೆ ಕೇಳಿದರೆ ಕಾಯುವಿಕೆಯೂ ನಾಲ್ಕುಮಡಿಯಾಗುವುದು. ಹತ್ತು ಸಾವಿರ ಹೆಸರುಗಳಾದರೆ 500 ಸೆಕೆಂಡುಗಳು, ಎಂದರೆ ಎಂಟು ನಿಮಿಷಕ್ಕೂ ಮಿಗಿಲು.

ಇದಕ್ಕೆ ಪರಿಹಾರವನ್ನು ಕಾಲುವೆಯ ದಂಡೆಯಲ್ಲಿ ಕಾಣಬಹುದು. ಹಂಪಿಯ ತುರ್ತಾ ಕಾಲುವೆಯೂ ಕಂಪ್ಲಿಯ ಕಾಲುವೆಯೂ ವಿಜಯನಗರದ ಕಾಲದವು. ಇಂದಿಗೂ ಬಾಳೆ, ಕಬ್ಬು, ಭತ್ತಗಳಿಗೆ ನೀರೂಡುತ್ತಿವೆ. ನೀರುಗಂಟಿಯು ಒಂದು ಗದ್ದೆಗೆ ಮಡೆ ತೆರೆದು, ಅದು ತುಂಬುವವರೆಗೂ ಅಲ್ಲಿಯೇ ಕಣ್ಣುನೆಟ್ಟು ಕೂಡುವುದಿಲ್ಲ. ಮುಂದಿನ ಗದ್ದೆಗೆ ನಡೆಯುವನು. ತುಂಬಿದುದನ್ನು ಕಂಡಾಗ ಮರಳಿ ಬಂದು ಮಡೆ ಕಟ್ಟುವನು. ಆಳು ಒಬ್ಬನೇ, ಗದ್ದೆಗಳು ಹಲವು.

ಗಣಕದಲ್ಲಿ ಹಲವು ಕೆಲಸಗಳನ್ನು ಜೊತೆಜೊತೆಗೆ ನಡೆಸಲು ಎರಡು ದಾರಿಗಳಿವೆ. ಗದ್ದೆಗೊಬ್ಬ ಆಳಿನಂತೆ ಕೆಲಸಕ್ಕೊಂದು ಪೂರ್ಣ 'ಎಳೆ'ಯನ್ನು ನೇಮಿಸುವುದು ಮೊದಲನೆಯದು. ಲಿನಕ್ಸ್ ವ್ಯವಸ್ಥೆಯಲ್ಲಿ ಇಂತಹ ಒಂದೊಂದು ಎಳೆಗೂ ಸಾಮಾನ್ಯವಾಗಿ 8 ಮೆಗಾಬೈಟಿನಷ್ಟು ಜಾಗವನ್ನು ಕಾಯ್ದಿರಿಸುವರು. ನೀರುಗಂಟಿಯ ರೀತಿಯದು ಎರಡನೆಯದು. ಇದನ್ನೇ ಹಗುರ ಏಕಕಾಲಿಕತೆ ಎನ್ನಬಹುದು. 2009ರಲ್ಲಿ ಪ್ರಕಟವಾದ 'ಗೋ' ಭಾಷೆಯ ಹಗುರ ಎಳೆಯೊಂದು ಇಂದು 2 ಕಿಲೋಬೈಟುಗಳಿಂದ ಆರಂಭವಾಗುವುದು. ಹತ್ತು ಸಾವಿರ ಪ್ರಶ್ನೆಗಳಿಗೆ ಮೊದಲ ಬಗೆಯಲ್ಲಿ ಕಾಯ್ದಿರಿಸಬೇಕಾದುದು 80 ಗಿಗಾಬೈಟು. ಎರಡನೆಯದರಲ್ಲಿ ಸುಮಾರು 20 ಮೆಗಾಬೈಟಿನಿಂದಲೇ ಕೆಲಸ ಮೊದಲಾಗುವುದು. ಸಾಧಾರಣ ಗಣಕವುಳ್ಳ ಹಳ್ಳಿಯ ಶಾಲೆಗೆ ಈ ಅಂತರ ಸಣ್ಣದೇನು?

ಇದರ ಮೂಲ ವಿಚಾರ ಹಳೆಯದು. ನಡುವೆ ನಿಂತು, ಮತ್ತೆ ಅಲ್ಲಿಂದಲೇ ಮುಂದುವರಿಯಬಲ್ಲ ಕ್ರಮವಿಧಿಗೆ ಮೆಲ್ವಿನ್ ಕಾನ್ವೆ 1958ರಲ್ಲಿಯೇ 'ಕೋರೂಟೀನ್' ಎಂದು ಹೆಸರಿಟ್ಟಿದ್ದನು. 1999ರಲ್ಲಿ ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ ರಚಿಸಿದ 'ಪಿಟಿಎಚ್' ಎಂಬ ಮುಕ್ತ ಲೈಬ್ರರಿಯು ಇದೇ ಜಾಡಿನದು. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ನೀರುಗಂಟಿ ಒಂದೇ ಗದ್ದೆಯಲ್ಲಿ ಹರಟೆಗೆ ಕೂತರೆ ಉಳಿದ ಗದ್ದೆಗಳು ಒಣಗುವಂತೆ, ಒಂದು ಕೆಲಸ ಸರದಿಯನ್ನು ಬಿಟ್ಟುಕೊಡದಿದ್ದರೆ ಉಳಿದುವೆಲ್ಲ ಸ್ತಬ್ಧವಾಗುವುವು. ಎರಿಕ್ಸನ್ ಸಂಸ್ಥೆಯು ದೂರವಾಣಿಗಾಗಿ ರೂಪಿಸಿ 1998ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ 'ಎರ್ಲಾಂಗ್' ಭಾಷೆಯಲ್ಲಿ ಇದಕ್ಕೆ ಮದ್ದುಂಟು: ಒಂದೊಂದು ಕೆಲಸದ ಹೆಜ್ಜೆಗಳನ್ನೂ ಎಣಿಸುತ್ತಿದ್ದು, ಲೆಕ್ಕ ತುಂಬಿದೊಡನೆ ವ್ಯವಸ್ಥೆಯೇ ಸರದಿಯನ್ನು ಬದಲಿಸುವುದು.

ತೆರೆದಿಟ್ಟ ಪುಸ್ತಕ

ದೇವನಾಗರಿಯಲ್ಲಿ 'ಭಾರತ'ದ ತುದಿಯುಳ್ಳ ವಿಳಾಸಗಳು 2014ರ ಆಗಸ್ಟ್ ತಿಂಗಳಲ್ಲಿ ಬಳಕೆಗೆ ಬಂದುವು. ಕನ್ನಡ ಲಿಪಿಯ 'ಭಾರತ'ವೂ ಅನಂತರ ಜಾಲದ ಮೂಲಪಟ್ಟಿಯನ್ನು ಸೇರಿತು. ನಿಕ್ಸಿ ಎಂಬ ರಾಷ್ಟ್ರೀಯ ಸಂಸ್ಥೆಯು ಅದನ್ನು ನೋಡಿಕೊಳ್ಳುವುದು. ದಾರಿಯೇನೋ ತೆರೆದಿದೆ, ಆದರೆ ಅದರ ತುಂಬ ತಡೆಗಳಿವೆ. ಎಷ್ಟೋ ಅರ್ಜಿಯ ನಮೂನೆಗಳು ಇಂದಿಗೂ ಕನ್ನಡದ ವಿಳಾಸವನ್ನು ಕಂಡರೆ 'ಇದು ತಪ್ಪು' ಎಂದು ಹಿಂದಿರುಗಿಸುವುವು. ತಪ್ಪು ಜಾಲದ್ದಲ್ಲ, ಲಿಪಿಯದ್ದೂ ಅಲ್ಲ. 37 ಚಿಹ್ನೆಗಳನ್ನು ಬಿಟ್ಟು ಬೇರೆ ಬಾರವೆಂದು ನಂಬಿ ಯಾರೋ ಬರೆದ ಒಂದು ಸಾಲಿನದು.

ಆ ಸಾಲು ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ ನಾವು ಬೇಡಿಕೊಳ್ಳಬಹುದು, ಅಷ್ಟೆ. ಮುಕ್ತ ಲೈಬ್ರರಿಗಳಲ್ಲಿದ್ದರೆ ಅದನ್ನು ಓದಬಹುದು, ಪರೀಕ್ಷಿಸಬಹುದು, ತಿದ್ದಿ ಕಳುಹಿಸಲೂಬಹುದು. ಒತ್ವಕ್ಕೆ ಎರಡು ರೂಪಗಳುಂಟೆಂಬುದೂ, ತೆಲುಗಿನ ಯಾವ ಅಕ್ಷರ ಕನ್ನಡದ ಯಾವುದನ್ನು ಹೋಲುವುದೆಂಬುದೂ ದೂರದೇಶದ ಪಂಡಿತನಿಗಿಂತ ಹೊಸಪೇಟೆಯ ಕಾಲೇಜು ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ಈ ತಿಳಿವಳಿಕೆಯನ್ನು ಅವನಾಗಲಿ ಅವಳಾಗಲಿ ಅಲ್ಲಿ ಸೇರಿಸದಿದ್ದರೆ ಬೇರೆ ಯಾರೂ ಸೇರಿಸುವ ಸಂಭವ ಕಡಿಮೆ.

ಆರಂಭಕ್ಕೆ ಒಂದು ಹಾಳೆ, ಒಂದು ಪೆನ್ಸಿಲು ಸಾಕು. 'ಕಂಪ್ಲಿ' ಎಂಬ ಹೆಸರಿನಲ್ಲಿ ಆರು ಚಿಹ್ನೆಗಳಿವೆ: ಸೊನ್ನೆ 3202, ಕಕಾರ 3221, ಪಕಾರ 3242, ಲಕಾರ 3250, ಗುಡಿಸು 3263, ಅರ್ಧಾಕ್ಷರದ ಗುರುತು 3277. ಇದೇ ಕ್ರಮದಲ್ಲಿ ಒಂದೊಂದನ್ನೇ ಅದರದರ ಸ್ಥಾನದಲ್ಲಿ ಸೇರಿಸುತ್ತ ಹೋಗಿರಿ. ಮೊದಲು ಸೊನ್ನೆ, ಆಮೇಲೆ ಕಂ, ಕಂಪ, ಕಂಪಲ, ಕಂಪಲಿ. ಕಟ್ಟಕಡೆಗೆ ಅರ್ಧಾಕ್ಷರದ ಗುರುತು ಪಕಾರದ ಪಕ್ಕದಲ್ಲಿ ಬಂದು ಕೂತೊಡನೆ, ಬಸ್ಸಿನ ಫಲಕದ ಮೇಲೆ ಕಂಡ ಅದೇ ಕಂಪ್ಲಿ.